ಉಜ್ಜುವ ಮುನ್ನ

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಹಿತ್ತಾಳೆಯ ಬಿಂದಿಗೆ ಇದೆ. ಅದರ ಕೊರಳಿನ ಕೆಳಗೆ ಅಜ್ಜಿಯ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದರಂತೆ. ‘ಅಂತೆ’ ಎಂದು ಏಕೆ ಹೇಳುತ್ತೇನೆಂದರೆ, ಆ ಹೆಸರನ್ನು ಕಣ್ಣಾರೆ ಓದಿದವನು ನಾನಲ್ಲ. ವಾರಕ್ಕೊಮ್ಮೆ ಹುಣಸೆಹಣ್ಣು, ಉಪ್ಪು, ಒಲೆಯ ಬೂದಿ ಸೇರಿಸಿ ಅದನ್ನು ತಿಕ್ಕುತ್ತಿದ್ದರು. ಬಿಂದಿಗೆ ಬಂಗಾರದ ಹಾಗೆ ಹೊಳೆಯುತ್ತಿತ್ತು, ಬಂದವರು ಹೊಗಳುತ್ತಿದ್ದರು. ಹೀಗೆ ಹೊಗಳಿಸಿಕೊಳ್ಳುತ್ತ ಹೊಗಳಿಸಿಕೊಳ್ಳುತ್ತ ನಲವತ್ತು ವರ್ಷಗಳಲ್ಲಿ ಹೆಸರು ಮಾಯವಾಯಿತು. ತಿಕ್ಕಿದಷ್ಟು ಸಲವೂ ಲೋಹ ಒಂದು ಕೂದಲೆಳೆಯಷ್ಟಲ್ಲ, ಅದರ ನೂರರಲ್ಲೊಂದು ಪಾಲಿನಷ್ಟು ಕರಗಿ ಬಚ್ಚಲಿಗೆ ಹರಿದುಹೋಗುತ್ತಿತ್ತೆಂದು ಯಾರೂ ಯೋಚಿಸಲಿಲ್ಲ. ಹೊಳಪನ್ನು ನಾವು ವಸ್ತುವಿಗೆ ಕೊಡುತ್ತೇವೆಂದೇ ಎಲ್ಲರ ಭಾವನೆ. ಅದು ವಸ್ತುವಿನಿಂದಲೇ ಕಿತ್ತು ತೆಗೆದದ್ದೆಂಬ ಸಂಗತಿ ಆ ಬಿಂದಿಗೆಗೆ ಮಾತ್ರ ಗೊತ್ತಿದ್ದಿರಬೇಕು. ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ, ಮೈಸೂರಿನ ವರ್ತುಲ ರಸ್ತೆಯ ಪಕ್ಕದ ಒಂದು ಅಂಗಡಿಯಲ್ಲಿ, ನನ್ನ ಅರ್ಧ ವಯಸ್ಸೂ ಆಗದ ಒಬ್ಬ ಹುಡುಗನಿಂದ.

ಮೊದಲು ನಮ್ಮ ಕಾರಿನ ವಿಚಾರ ಹೇಳಬೇಕು. ಅದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ ಕಂಪನಿಯ 1100 ಎಂಬ ಮಾದರಿಯನ್ನು ಮುಂಬಯಿಯಲ್ಲಿ ತಯಾರಿಸುತ್ತಿದ್ದರು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿಯೆಂಬ ಹೆಸರು ಬಂತು. ಹೆಸರು ಬರೆಸಿ, ಮುಂಗಡ ಕಟ್ಟಿ, ಮಗಳಿಗೆ ವರ ಹುಡುಕುವಷ್ಟೇ ತಾಳ್ಮೆಯಿಂದ ಕಾರಿಗೆ ಕಾಯಬೇಕಾಗಿದ್ದ ಕಾಲ ಅದು. ನಮ್ಮ ತಂದೆ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರು. ಬಹಳ ವರ್ಷ ಉಳಿತಾಯ ಮಾಡಿ, ಕಾದು, 1984ರಲ್ಲಿ ಅದನ್ನು ಮನೆಗೆ ತಂದರು. ಕಡುನೀಲಿ ಬಣ್ಣ. ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. ಆ ಕಾರಿನ ತಯಾರಿಕೆ ನಿಂತು ಎರಡು ದಶಕಗಳ ಮೇಲಾಯಿತು. ಮುಂಬಯಿಯಲ್ಲಿ ಕಪ್ಪು ಹಳದಿ ಟ್ಯಾಕ್ಸಿಗಳಾಗಿ ಓಡುತ್ತಿದ್ದ ಪದ್ಮಿನಿಗಳೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ನಮ್ಮದು ಮಾತ್ರ ಸರಸ್ವತಿಪುರದ ನಮ್ಮ ಮನೆಯ ಶೆಡ್ಡಿನಲ್ಲಿ, ನಿವೃತ್ತರಾದ ಹಿರಿಯರಂತೆ, ಬೆಳಗಿನ ಹೊತ್ತು ಸ್ವಲ್ಪ ಕೆಮ್ಮಿಕೊಂಡು, ಈಗಲೂ ಇದೆ. ತಂದೆಯವರು ಹೋಗಿ ಹದಿನಾರು ವರ್ಷವಾಯಿತು.

ಈ ಕಾರಿನ ಬಗ್ಗೆ ನನಗೊಂದು ಜಂಬವಿತ್ತು. ಬಂದವರಿಗೆಲ್ಲ ಕಾಫಿಯ ಜೊತೆಗೆ ಅದನ್ನೂ ಬಡಿಸುತ್ತಿದ್ದೆ: “ಕಂಪನಿಯಿಂದ ಬಂದ ಬಣ್ಣ ಹಾಗೇ ಇದೆ, ನೋಡಿ. ಹಿಂದಿನ ಬಲಗಡೆಯ ಮಡ್‌ಗಾರ್ಡ್ ಒಂದು ಬಿಟ್ಟು.” ಆ ಮಡ್‌ಗಾರ್ಡಿಗೆ 1991ರಲ್ಲಿ ನಂಜನಗೂಡಿನ ರಸ್ತೆಯಲ್ಲಿ ಕಬ್ಬಿನ ಗಾಡಿಯೊಂದು ತಗುಲಿತ್ತು. ಎಷ್ಟೋ ಸಲ ಆ ಒಂದನ್ನು ಬಿಟ್ಟುಬಿಡಬೇಕಾದ ಮಾತನ್ನೂ ಬಿಟ್ಟುಬಿಡುತ್ತಿದ್ದೆ.

ಇಂಥ ಕಾರನ್ನು ಕಳೆದ ತಿಂಗಳು ನಮ್ಮ ಮಗ ತೆಗೆದುಕೊಂಡು ಹೋದ. ಅವನಿಗೆ ಇಪ್ಪತ್ತನಾಲ್ಕು ವರ್ಷ, ಬೆಂಗಳೂರಿನಲ್ಲಿ ಕೆಲಸ. ಶನಿವಾರ ಇಬ್ಬರು ಸ್ನೇಹಿತರನ್ನು ಕರೆದುಕೊಂಡು ಬಂದಿದ್ದ. ತಾತನ ಕಾರಿನಲ್ಲಿ ಅವರನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗುವ ಆಸೆ. ಕೊಟ್ಟೆ. ಹಿಂತಿರುಗಿ ಬಂದಾಗ ಮುಂದಿನ ಬಲಗಡೆಯ ಮಡ್‌ಗಾರ್ಡಿನ ಮೇಲೆ ಒಂದು ಗೇಣುದ್ದದ ಗೀರು ಬಿದ್ದಿತ್ತು. ನಿಲ್ಲಿಸಿದ್ದ ಕಡೆ ಯಾವನೋ ಮೋಟಾರು ಸೈಕಲ್ಲಿನವನು ಹ್ಯಾಂಡಲ್ ಒರೆಸಿಕೊಂಡು ಹೋಗಿದ್ದನಂತೆ. ಹುಡುಗ ತಾನಾಗಿಯೇ ಬಂದು ಹೇಳಿದ, ಮುಚ್ಚಿಡಲಿಲ್ಲ. ನಾನು ಅಷ್ಟಕ್ಕೆ ಸುಮ್ಮನಿರಬಹುದಾಗಿತ್ತು. ಸುಮ್ಮನಿರಲಿಲ್ಲ. ಅವನ ಸ್ನೇಹಿತರ ಎದುರಿಗೆ, ಆಚೆಮನೆಯವರು ಕಾಂಪೌಂಡಿನ ಮೇಲಿನಿಂದ ನೋಡುತ್ತಿದ್ದ ಹಾಗೆಯೇ, “ನಿನ್ನ ಕೈಗೆ ಏನು ಕೊಟ್ಟರೂ ಅಷ್ಟೆ! ನಲವತ್ತು ವರ್ಷ ಒಂದು ಗೀರು ಬೀಳದ ಹಾಗೆ ಕಾಪಾಡಿದ ವಸ್ತು!” ಎಂದು ಶುರುಮಾಡಿದವನು, ಅವನು ಎರಡನೆಯ ಪಿ.ಯು.ಸಿ.ಯಲ್ಲಿ ತೆಗೆದ ಅಂಕಗಳವರೆಗೆ ಹೋಗಿ ನಿಂತೆ. ಕಾರಿನ ಗೀರಿಗೂ ಪಿ.ಯು.ಸಿ.ಯ ಅಂಕಗಳಿಗೂ ಏನು ಸಂಬಂಧವೆಂದು ಕೇಳಬಾರದು. ಕೋಪಕ್ಕೆ ಎಲ್ಲವೂ ಸಂಬಂಧವೇ.

ಹುಡುಗ ಒಂದು ಮಾತೂ ಆಡಲಿಲ್ಲ. ಭಾನುವಾರ ಸಂಜೆಗೆ ಹೊರಡಬೇಕಾಗಿದ್ದವನು ಶನಿವಾರ ರಾತ್ರಿಯೇ ಹೊರಟುಹೋದ. ಆಮೇಲೆ ದಿನವೂ ಫೋನು ಬರುತ್ತಿತ್ತು, ಅವನ ತಾಯಿಗೆ, ಅವನ ಅಜ್ಜಿಗೆ. “ಅಪ್ಪ ಚೆನ್ನಾಗಿದಾರಾ?” ಎಂದು ಕೇಳುತ್ತಿದ್ದನಂತೆ. ನನ್ನ ಕೈಗೆ ಫೋನು ಬರಲಿಲ್ಲ. ಹೀಗೆ ಹತ್ತೊಂಬತ್ತು ದಿನ ಕಳೆಯಿತು.

ಗೀರು ಹೋದರೆ ಜಗಳವೂ ಹೋಗುತ್ತದೆಂದು ನನಗೆ ಹೇಗೋ ತೋರಿತು. ತಪ್ಪು ಮಾಡಿದವನು ಸಾಕ್ಷಿಯನ್ನು ಅಳಿಸಲು ಹೊರಡುವುದು ಹೊಸದೇನಲ್ಲ. ಕಾರನ್ನು ಯಂತ್ರದಿಂದ ಪಾಲಿಷ್ ಮಾಡುವ ಅಂಗಡಿಗಳು ಈಗ ಎಲ್ಲ ಊರುಗಳಲ್ಲೂ ಇವೆ. ಒಂದು ಗುರುವಾರ ಬೆಳಿಗ್ಗೆ ಪದ್ಮಿನಿಯನ್ನು ಎಬ್ಬಿಸಿಕೊಂಡು ಅಂಥ ಒಂದು ಅಂಗಡಿಗೆ ಹೋದೆ.

ಅಲ್ಲಿದ್ದ ಹುಡುಗ ಕಾರನ್ನು ಕಂಡು ಮೊದಲು ನಕ್ಕ. ಆಮೇಲೆ ಕೈಕಟ್ಟಿಕೊಂಡು ಒಂದು ಸುತ್ತು ಬಂದ. ಅವನು ನಕ್ಕದ್ದು ನನಗೆ ಹಿಡಿಸಲಿಲ್ಲ, ಕೈಕಟ್ಟಿಕೊಂಡದ್ದು ಹಿಡಿಸಿತು. ಗೀರನ್ನು ತೋರಿಸಿ, “ಇದು ಹೋಗಬೇಕಪ್ಪಾ. ಹಾಗೇ ಇಡೀ ಕಾರು ಕನ್ನಡಿ ಆಗಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಕೊಟ್ಟುಬಿಡು,” ಎಂದೆ. ಮೂಲೆಯಲ್ಲಿ ಯಂತ್ರ ಇತ್ತು. ಮುಂದೆ ಸ್ಪಂಜಿನ ದುಂಡು ಬಿಲ್ಲೆ, ಹಿಂದೆ ಹಿಡಿ. ಅವನು ಅದರ ಹತ್ತಿರಕ್ಕೂ ಹೋಗಲಿಲ್ಲ. “ಮೊದಲು ತೊಳೀಬೇಕು ಸಾರ್. ಆಮೇಲೆ ಅಳೀಬೇಕು,” ಎಂದ.

“ಏನನ್ನು ಅಳೆಯುತ್ತೀಯ? ಉದ್ದ ಅಗಲವನ್ನೆ?”

“ಬಣ್ಣಾನ ಸಾರ್. ಎಷ್ಟು ದಪ್ಪ ಇದೆ ಅಂತ.”

ಬಣ್ಣಕ್ಕೆ ದಪ್ಪವಿದೆಯೆಂಬುದನ್ನು ನಾನು ಅದುವರೆಗೆ ಯೋಚಿಸಿರಲಿಲ್ಲ. ಬಣ್ಣವೆಂದರೆ ನೀಲಿ, ಕೆಂಪು, ಬಿಳಿ, ಇಷ್ಟೆ. ಅಕ್ಕಿಗೆ ಸೇರು, ಬಟ್ಟೆಗೆ ಗಜ, ಬಣ್ಣಕ್ಕೆ ಯಾವ ಅಳತೆ? ಅವನು ಸಮಾಧಾನವಾಗಿ ಹೇಳಿದ: ಬಣ್ಣಕ್ಕೆ ಮೈಕ್ರಾನು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ನೀವು ಈಗ ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯ ಒಂದು ಹಾಳೆ ಸುಮಾರು 70 ಮೈಕ್ರಾನಿನಷ್ಟು ದಪ್ಪವಿರುತ್ತದೆ. ಹೊಸದಾಗಿ ಕಾರ್ಖಾನೆಯಿಂದ ಬರುವ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂಥ ಪಾರದರ್ಶಕ ಪದರ, ಇವೆಲ್ಲ ಸೇರಿ ಸಾಮಾನ್ಯವಾಗಿ ನೂರು, ನೂರಿಪ್ಪತ್ತು, ಹೆಚ್ಚೆಂದರೆ ನೂರೈವತ್ತು ಮೈಕ್ರಾನು. ಎಂದರೆ ಪತ್ರಿಕೆಯ ಎರಡು ಹಾಳೆ! ಲಕ್ಷಗಟ್ಟಲೆ ಬೆಲೆಯ ಕಾರು ಬಿಸಿಲಿನಲ್ಲಿ ಮಳೆಯಲ್ಲಿ ಎರಡು ಹಾಳೆ ಕಾಗದವನ್ನು ಹೊದ್ದುಕೊಂಡು ನಿಂತಿರುತ್ತದೆ. ಮೇಲಿನ ಆ ಪಾರದರ್ಶಕ ಪದರ ಇದರಲ್ಲಿ ಮೂವತ್ತೈದೋ ಐವತ್ತೋ ಮೈಕ್ರಾನು ಮಾತ್ರ. ಸುಡುಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಯಂತ್ರದಿಂದ ಸ್ವಲ್ಪ ಬಿರುಸಾಗಿ ಉಜ್ಜಿದರೆ ಎರಡೋ ಮೂರೋ ನಾಲ್ಕೋ ಮೈಕ್ರಾನು ಹೋಗುತ್ತದೆ. ಒಂದು ಸಲಕ್ಕೆ ಏನೂ ಅಲ್ಲ. ಆದರೆ ಹಿಂದೆ ಎಷ್ಟು ಸಲ ಯಾರು ಉಜ್ಜಿದ್ದಾರೆಂದು ಯಾರಿಗೆ ಗೊತ್ತು? ಆ ಪದರ ತೀರ ತೆಳ್ಳಗಾದರೆ ಕೆಲವು ಬೇಸಿಗೆಗಳಲ್ಲಿ ಬೆಳ್ಳಗಾಗಿ, ಬಿಸಿಲಿಗೆ ಸುಟ್ಟ ಬೆನ್ನಿನ ಚರ್ಮದಂತೆ ಸುಲಿಯುತ್ತದೆ.

“ಗೀರು ಅಂದ್ರೆ ಹಳ್ಳ ಸಾರ್,” ಎಂದ ಹುಡುಗ. “ಹಳ್ಳ ತುಂಬಿಸೋಕೆ ನಮ್ಮ ಕೈಲಾಗಲ್ಲ. ಸುತ್ತ ಇರೋ ನೆಲಾನ ಹಳ್ಳದ ಮಟ್ಟಕ್ಕೆ ಇಳಿಸ್ತೀವಿ. ಅಷ್ಟೇ ಪಾಲಿಷ್ ಅಂದ್ರೆ.”

ನನಗೆ ನಮ್ಮ ಬಿಂದಿಗೆ ನೆನಪಾಯಿತು. ಆದರೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಇದು ಬಿಲ್ಲು ಬೆಳೆಸುವ ಉಪಾಯವೂ ಇರಬಹುದಲ್ಲ!

ಕಾರನ್ನು ತೊಳೆದು ಒರೆಸಿದ. ಧೂಳಿದ್ದರೆ ಧೂಳನ್ನೂ ಸೇರಿಸಿ ಅಳೆದಂತಾಗುತ್ತದಂತೆ. ಆಮೇಲೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣವೊಂದನ್ನು ತೆಗೆದ. ಅದರ ಜೊತೆಗೆ ಒಂದು ಬರಿ ಕಬ್ಬಿಣದ ಬಿಲ್ಲೆ. ದಪ್ಪ ಬರೆದಿದ್ದ ಕೆಲವು ಪ್ಲಾಸ್ಟಿಕ್ ಹಾಳೆಯ ತುಂಡುಗಳು. ಮೊದಲು ಬರಿ ಬಿಲ್ಲೆಯ ಮೇಲಿಟ್ಟು ಸೊನ್ನೆ ಬರುತ್ತದೆಯೇ ನೋಡಿದ. ಆಮೇಲೆ ಬಿಲ್ಲೆಯ ಮೇಲೆ ಹಾಳೆಯ ತುಂಡನ್ನಿಟ್ಟು, ಅದರ ಮೇಲೆ ಬರೆದ ಸಂಖ್ಯೆಯೂ ಉಪಕರಣ ತೋರಿಸುವ ಸಂಖ್ಯೆಯೂ ಒಂದೇ ಆಗುವವರೆಗೆ ಸರಿಮಾಡಿದ. ಅಂಗಡಿಯವನು ತೂಗುವ ಮೊದಲು ಖಾಲಿ ತಕ್ಕಡಿಯ ಮುಳ್ಳನ್ನು ತೋರಿಸುತ್ತಾನಲ್ಲ, ಹಾಗೆ. ಆ ಕ್ಷಣಕ್ಕೆ ನನಗೆ ಅವನಲ್ಲಿ ಗೌರವ ಹುಟ್ಟಿತು. ತನ್ನ ಅಳತೆಗೋಲನ್ನು ಮೊದಲು ಅಳೆದುಕೊಳ್ಳುವ ಮನುಷ್ಯ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ.

ಉಪಕರಣದ ಗುಟ್ಟು ಅಂಥ ಕಷ್ಟದ್ದೇನೂ ಅಲ್ಲ. ಅದರ ಮೂತಿಯಲ್ಲಿ ತಂತಿಯ ಸುರುಳಿಯಿದೆ. ಅದರಿಂದ ಒಂದು ಕಾಂತಕ್ಷೇತ್ರ ಹೊರಡುತ್ತದೆ. ಕಬ್ಬಿಣ ಹತ್ತಿರವಿದ್ದಷ್ಟೂ ಅದು ಬಲವಾಗುತ್ತದೆ, ದೂರವಾದಷ್ಟೂ ಕುಗ್ಗುತ್ತದೆ. ಮೂತಿಗೂ ತಗಡಿಗೂ ನಡುವೆ ಇರುವುದು ಬಣ್ಣವೊಂದೇ. ಆದ್ದರಿಂದ ದೂರ ತಿಳಿದರೆ ಬಣ್ಣದ ದಪ್ಪ ತಿಳಿದ ಹಾಗೆ. ಅಲ್ಯೂಮಿನಿಯಂ ತಗಡಾದರೆ ಕಾಂತಕ್ಕೆ ಸಿಕ್ಕುವುದಿಲ್ಲ; ಅಲ್ಲಿ ಲೋಹದೊಳಗೆ ಸಣ್ಣ ವಿದ್ಯುತ್ ಸುಳಿಗಳನ್ನು ಎಬ್ಬಿಸಿ ಅಳೆಯುತ್ತಾರೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಈ ಎರಡೂ ನಡೆಯುವುದಿಲ್ಲ. ಅದಕ್ಕೆ ಶಬ್ದತರಂಗ ಬಳಸುವ, ಹೆಚ್ಚು ಬೆಲೆಯ ಬೇರೆ ಉಪಕರಣ ಬೇಕು. ನಮ್ಮ ಪದ್ಮಿನಿ ನಖಶಿಖಾಂತ ಉಕ್ಕು. ಆ ಗೊಂದಲವಿಲ್ಲ.

ಇನ್ನೂ ಒಂದು ಮಾತು ಹೇಳಿದ. ಈ ಉಪಕರಣ ಹೇಳುವುದು ಒಟ್ಟು ದಪ್ಪವನ್ನು ಮಾತ್ರ. ಅದರಲ್ಲಿ ಪ್ರೈಮರ್ ಎಷ್ಟು, ಮೇಲಿನ ಬಣ್ಣ ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಅದನ್ನು ಅಕ್ಕಪಕ್ಕದ ಅಂಕಿಗಳನ್ನು ಹೋಲಿಸಿ ಮನುಷ್ಯನೇ ಊಹಿಸಬೇಕು.

ಕಾರಿನ ಮಾಡಿನಿಂದ ಅಳತೆ ಪ್ರಾರಂಭವಾಯಿತು. ಒಂದೊಂದು ತಗಡಿನ ಮೇಲೂ ಐದಾರು ಕಡೆ ಮೂತಿಯನ್ನು ನೇರವಾಗಿ ಒತ್ತುವುದು. ಒಂದೇ ಜಾಗದಲ್ಲಿ ಎರಡು ಮೂರು ಸಲ ನೋಡುವುದು. ಕಾಗದದ ಅಂಟುಪಟ್ಟಿಯ ಚೂರಿನ ಮೇಲೆ ಅಂಕಿ ಬರೆದು ಅಲ್ಲೇ ಅಂಟಿಸುವುದು. ಅಂಚುಗಳ, ಏಣುಗಳ ಹತ್ತಿರ ಹೋಗಲಿಲ್ಲ; ಅಲ್ಲಿ ಬಣ್ಣ ಮೊದಲೇ ತೆಳುವಂತೆ, ಉಪಕರಣವೂ ಬಾಗಿದ ಕಡೆ ಸರಿಯಾಗಿ ನುಡಿಯದಂತೆ. ಉಜ್ಜುವಾಗ ಯಂತ್ರ ತಾಗದಿರಲೆಂದು ಅಂಚುಗಳಿಗೆ ಪಟ್ಟಿ ಬಳಿದೇ ಕೆಲಸ ಮಾಡುತ್ತಾರಂತೆ. ಮಾಡು 118, 124, 121. ಬಾನೆಟ್ಟು 96, 101, 98. ಡಿಕ್ಕಿ 112. ಅರ್ಧ ಗಂಟೆಯಲ್ಲಿ ನಮ್ಮ ಕಾರು, ಮೈತುಂಬ ಪ್ಲಾಸ್ಟರು ಹಚ್ಚಿಸಿಕೊಂಡ ರೋಗಿಯಂತೆ ಕಂಡಿತು.

ಹಿಂದಿನ ಬಲಗಡೆಯ ಮಡ್‌ಗಾರ್ಡಿಗೆ ಬಂದ. ಕಬ್ಬಿನ ಗಾಡಿಯ ಕಥೆಯನ್ನು ನಾನು ಬೇಕೆಂದೇ ಹೇಳಿರಲಿಲ್ಲ. ಉಪಕರಣ 680 ಎಂದಿತು. ಒಂದು ಗೇಣು ಆಚೆ 910.

“ಇಲ್ಲಿ ಟಿಂಕರಿಂಗ್ ಆಗಿದೆ ಸಾರ್. ಪುಟ್ಟಿ ತುಂಬಿದಾರೆ. ಬಹಳ ಹಳೇದು.” ಬೆರಳಿನ ಗೆಣ್ಣಿನಿಂದ ತಟ್ಟಿದ. ಬಾಗಿಲು ಠಣ್ಣೆಂದಿತ್ತು, ಇದು ದಬ್ ಎಂದಿತು. “ನಮ್ಮ ಹಳೇ ಮೇಸ್ತ್ರಿಗಳು ಉಪಕರಣ ಇಲ್ಲದೇನೇ ಹೀಗೆ ತಟ್ಟಿ ಹೇಳೋರು. ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟು ನೋಡೋರೂ ಇದ್ರು. ಪುಟ್ಟಿ ಇದ್ರೆ ಹಿಡಿಯಲ್ಲ, ಜಾರುತ್ತೆ.”

ಮೂವತ್ತು ವರ್ಷದ ಹಿಂದಿನ ಕಬ್ಬಿನ ಗಾಡಿ ಆ ಚಿಕ್ಕ ಪೆಟ್ಟಿಗೆಗೆ ಗೊತ್ತಾಗಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಇನ್ನು ಉಳಿದದ್ದು ಎಡಗಡೆಯ ಎರಡು ಬಾಗಿಲು. ಮುಂದಿನದು 115, 118. ಹಿಂದಿನದು 109, 112, 110. ಹಿಡಿಯ ಕೆಳಗೆ ಮೂತಿಯನ್ನಿಟ್ಟ. 47. ಅವನು ಉಪಕರಣವನ್ನು ತಿರುಗಿಸಿ ನೋಡಿದ. ಕಬ್ಬಿಣದ ಬಿಲ್ಲೆಯ ಮೇಲಿಟ್ಟು ಮತ್ತೆ ಸೊನ್ನೆ ನೋಡಿಕೊಂಡು ಬಂದ. 44. ಪಕ್ಕದಲ್ಲಿ 51. ಎರಡು ಅಂಗೈ ಅಗಲ ಬಿಟ್ಟು ಆಚೆಗೆ ಮತ್ತೆ 108.

“ಈ ಜಾಗಾನ ಯಾರೋ ತುಂಬಾ ಉಜ್ಜಿದಾರೆ ಸಾರ್,” ಎಂದ. “ಬರೀ ಬಟ್ಟೇಲಿ ಇಷ್ಟು ಹೋಗಲ್ಲ. ವಾಟರ್ ಪೇಪರ್ ಹಾಕಿ, ಆಮೇಲೆ ಪಾಲಿಷ್ ಮಾಡಿದಾರೆ. ಒಳ್ಳೇ ಕೈ. ನಾನು ಕಣ್ಣಲ್ಲಿ ನೋಡಿದ್ರೆ ಗೊತ್ತಾಗ್ತಾನೇ ಇರಲಿಲ್ಲ. ಆದ್ರೆ ಇನ್ನೇನೂ ಉಳಿದಿಲ್ಲ. ಇದರ ಮೇಲೆ ಯಂತ್ರ ಇಟ್ರೆ ಪ್ರೈಮರ್ ಬಂದುಬಿಡುತ್ತೆ.”

ಹಿಂದಿನ ಎಡಗಡೆಯ ಬಾಗಿಲು. ಹಿಡಿಯ ಕೆಳಗೆ. ಎರಡು ಅಂಗೈ ಅಗಲ.

ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ನಾನು ಅದರ ಮೇಲೆ ಕೂತುಕೊಂಡೆ.

1986ರ ಏಪ್ರಿಲ್. ನನಗೆ ಹದಿನೇಳು ವರ್ಷ. ತಂದೆಯವರು ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕಾಗಿ ಬೆಂಗಳೂರಿಗೆ ಹೋಗಿದ್ದರು. ಕಾರಿನ ಕೀಲಿಕೈ ದೇವರ ಮನೆಯ ಗೂಡಿನಲ್ಲಿರುತ್ತಿತ್ತು. ಲೈಸೆನ್ಸಿಲ್ಲ, ಅನುಭವವಿಲ್ಲ, ಧೈರ್ಯ ಮಾತ್ರ ಧಾರಾಳವಾಗಿತ್ತು. ಕುಕ್ಕರಹಳ್ಳಿ ಕೆರೆಯವರೆಗೆ ಹೋಗಿ ಕ್ಷೇಮವಾಗಿ ಹಿಂತಿರುಗಿದೆ. ನಮ್ಮ ಗೇಟಿನೊಳಕ್ಕೆ ಎಡಕ್ಕೆ ತಿರುಗಿಸುವಾಗ ಮುಂಭಾಗ ದಾಟಿತು. ಹಿಂಭಾಗವೂ ಬರಬೇಕಲ್ಲ ಎಂಬುದು ಹೊಳೆಯಲಿಲ್ಲ. ಗೇಟಿನ ಚಿಲಕ ಹಿಂದಿನ ಬಾಗಿಲನ್ನು ಗೀರಿಕೊಂಡು ಹೋಯಿತು.

ಆ ರಾತ್ರಿ ತಂದೆಯವರ ಮೇಜಿನಿಂದ ನೀಲಿ ಶಾಯಿಯ ಬಾಟಲಿಯನ್ನು ಕದ್ದು ತಂದು, ಹತ್ತಿಯಲ್ಲಿ ಅದ್ದಿ ಗೀರಿಗೆ ಹಚ್ಚಿದೆ. ಟಾರ್ಚಿನ ಬೆಳಕಿನಲ್ಲಿ ಅದು ಮಾಯವಾದಂತೆಯೇ ಕಂಡಿತು. ಹಗಲಿನ ಬೆಳಕಿನಲ್ಲಿ ಹೇಗೆ ಕಂಡಿತೆಂದು ನಾನು ಹೋಗಿ ನೋಡಲಿಲ್ಲ. ತಂದೆಯವರು ಬಂದರು. ಮಾರನೆಯ ದಿನ ಬರೆಯಲು ಕೂತವರು ಬಾಟಲಿಯನ್ನು ಬೆಳಕಿಗೆ ಹಿಡಿದು, “ಶಾಯಿ ಬೇಗ ಮುಗಿಯಿತಲ್ಲ,” ಎಂದರು. ಅಷ್ಟೆ. ನಾನು ಪುಸ್ತಕದಿಂದ ತಲೆಯೆತ್ತಲಿಲ್ಲ. ಬೈಗುಳಕ್ಕೆ ಕಾದೆ, ಬರಲಿಲ್ಲ. ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋಗಿ ತಿಂಗಳು ಬಿಟ್ಟು ಬಂದೆ. ಬಾಗಿಲಿನ ಮೇಲೆ ಗೀರು ಇರಲಿಲ್ಲ. ಹೇಗೆ ಹೋಯಿತೆಂದು ಯಾರನ್ನೂ ಕೇಳಲಿಲ್ಲ. ತಪ್ಪಿಸಿಕೊಂಡವನು ಹೇಗೆ ತಪ್ಪಿಸಿಕೊಂಡೆನೆಂದು ವಿಚಾರಿಸಲು ಹೋಗುವುದಿಲ್ಲ. ಶಾಯಿಯೇ ಹಿಡಿದುಕೊಂಡಿರಬೇಕೆಂದುಕೊಂಡೆ. ವರ್ಷಗಳು ಕಳೆದಂತೆ ಅಂಥದೊಂದು ಗೀರು ಬಿದ್ದದ್ದನ್ನೇ ಮರೆತೆ. ಮರೆತದ್ದರಿಂದಲೇ, “ನಲವತ್ತು ವರ್ಷ ಒಂದು ಗೀರು ಬೀಳದ ಹಾಗೆ ಕಾಪಾಡಿದ ವಸ್ತು” ಎಂದು ಮಗನ ಮುಖದ ಮೇಲೆ ಹೇಳುವುದು ಅಷ್ಟು ಸುಲಭವಾಯಿತು.

ಹುಡುಗ ನನ್ನ ಮುಖ ನೋಡಿ, “ನೀರು ಬೇಕಾ ಸಾರ್?” ಎಂದ. ಬೇಡವೆಂದೆ. ಮುಂದಿನ ಬಲಗಡೆಯ ಮಡ್‌ಗಾರ್ಡಿನ ಗತಿಯೇನೆಂದು ಕೇಳಿದೆ. ಅದು 113. ಮಗನ ಗೀರಿನ ಸುತ್ತ ಬಣ್ಣ ಸಾಕಷ್ಟಿತ್ತು. ಒಂದು ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಮಾತ್ರ, ಎಲ್ಲಕ್ಕಿಂತ ಮೃದುವಾದ ಬಿಲ್ಲೆ ಹಾಕಿ, ಯಂತ್ರವನ್ನು ನಿಧಾನವಾಗಿ ಆಡಿಸಿ ತೋರಿಸಿದ. ಬಿಲ್ಲೆಯನ್ನು ತಿರುಗಿಸಿ ನನ್ನ ಮುಂದೆ ಹಿಡಿದ. ಬಿಳಿಯ ಸ್ಪಂಜು ನೀಲಿಯಾಗಿತ್ತು. ಈಗಿನ ಕಾರುಗಳಲ್ಲಿ ಹೀಗೆ ಬಣ್ಣ ಬರುವುದಿಲ್ಲವಂತೆ. ಮೇಲಿನ ಪಾರದರ್ಶಕ ಪದರವಷ್ಟೇ ಸವೆಯುತ್ತದೆ. ನಮ್ಮದಕ್ಕೆ ಆ ಪದರವೇ ಇಲ್ಲ. ಉಜ್ಜಿದರೆ ಬರುವುದು ಬಣ್ಣವೇ.

“ಈ ಗೀರು ಪೂರ್ತಿ ತೆಗೀಬೇಕು ಅಂದ್ರೆ ಬಹಳ ಕೆಳಗಿಳೀಬೇಕು ಸಾರ್. ತೆಗೀಬಹುದು. ಆದ್ರೆ ನಾಳೆ ಇನ್ನೊಂದು ಬಿದ್ರೆ ಅದಕ್ಕೆ ಏನೂ ಉಳಿದಿರಲ್ಲ. ಮುಕ್ಕಾಲು ಪಾಲು ತೆಗೆದು ಬಿಟ್ಬಿಡೋಣ. ದೂರದಿಂದ ಕಾಣಲ್ಲ. ಹತ್ತಿರ ಬಂದು ಹುಡುಕೋರಿಗೆ ಕಂಡ್ರೆ ಕಾಣ್ಲಿ.”

ಹಾಗೇ ಆಗಲೆಂದೆ. ಎಡಗಡೆಯ ಬಾಗಿಲನ್ನು ಮುಟ್ಟುವುದು ಬೇಡವೆಂದೂ ಹೇಳಿದೆ. ಅವನು ಆ ಎರಡು ಅಂಗೈ ಅಗಲದ ಜಾಗದ ಸುತ್ತ ಅಂಟುಪಟ್ಟಿಯಿಂದ ಒಂದು ಚೌಕ ಕಟ್ಟಿ, ಅದರ ಮೇಲೆ ‘ಬೇಡ’ ಎಂದು ಬರೆದ.

ಸಂಜೆ ಮನೆಗೆ ಬಂದು ಅಮ್ಮನ ಹತ್ತಿರ ಕೂತೆ. ಅಮ್ಮನಿಗೆ ಈಗ ಎಂಬತ್ತನಾಲ್ಕು. ನಿನ್ನೆಯ ತಿಂಡಿ ಮರೆತಿರುತ್ತದೆ. ನಲವತ್ತು ವರ್ಷದ ಹಿಂದೆ ಹಾಲಿನವನಿಗೆ ಕೊಡಬೇಕಾಗಿದ್ದ ಬಾಕಿ ನೆನಪಿರುತ್ತದೆ. “ಅಮ್ಮ, ಅಪ್ಪ ಯಾವಾಗಲಾದರೂ ಕಾರಿನ ಹಿಂದಿನ ಬಾಗಿಲನ್ನು ಉಜ್ಜಿದ್ದು ನಿನಗೆ ನೆನಪಿದೆಯೆ? ನಾನು ಊರಿನಲ್ಲಿಲ್ಲದಾಗ?” ಎಂದು ಕೇಳಿದೆ.

ಅಮ್ಮ ಸ್ವಲ್ಪ ಹೊತ್ತು ಗೋಡೆ ನೋಡಿದರು. “ಬಾಗಿಲೋ ಕಿಟಕಿಯೋ ನಾ ಕಾಣೆ. ಒಂದು ಬೇಸಿಗೆ, ಭಾನುವಾರ ಬಂತೂಂದ್ರೆ ಶೆಡ್ಡಿನಲ್ಲಿ ಕೂತು ಅದೇನೋ ಉಜ್ಜೋದೇ ಉಜ್ಜೋದು. ಊಟಕ್ಕೆ ಕರೆದರೂ ಬರ್ತಿರಲಿಲ್ಲ. ಒಳ್ಳೊಳ್ಳೇ ಬನಿಯನ್ನು ಎರಡು, ಹರಿದು ಅದಕ್ಕೇ ಹಾಕಿದರು. ಒಗೆಯೋಕೆ ಹೋದರೆ ನೀಲಿ, ಎಷ್ಟು ಹಿಂಡಿದರೂ ನೀಲಿ. ನಾನು ಕೂಗಾಡಿದೆ. ‘ಇದ್ದಬದ್ದ ಬಣ್ಣಾನೆಲ್ಲ ಬನಿಯನ್ನಿಗೆ ಹಚ್ಚಿಬಿಟ್ಟಿರಲ್ಲ, ಕಾರಿಗೇನು ಉಳೀತು?’ ಅಂದೆ.”

“ಅದಕ್ಕೆ ಅಪ್ಪ ಏನಂದರು?”

“ಏನನ್ನುತ್ತಾರೆ? ಅವರು ಮಾತಾಡೋದು ಹೆಚ್ಚೋ ಕಡಿಮೆಯೋ ನಿನಗೆ ಗೊತ್ತಿಲ್ಲವೆ! ‘ಬಣ್ಣ ಇನ್ನೂ ಇದೆ, ಬಿಡು,’ ಅಂದರು.”

ಗಣಿತದ ಅಧ್ಯಾಪಕರು. ಲೆಕ್ಕವಿಲ್ಲದೆ ಮಾತಾಡುವವರಲ್ಲ. ಅವರ ಕೈಯಲ್ಲಿ ಮೈಕ್ರಾನು ಅಳೆಯುವ ಉಪಕರಣವಿರಲಿಲ್ಲ. ಆದರೂ ಪ್ರೈಮರ್ ಕಾಣುವ ಮೊದಲೇ ಕೈ ನಿಲ್ಲಿಸಿದ್ದರು. ಕಾರಿನ ಬಾಗಿಲಿನಿಂದ ಅರವತ್ತು ಮೈಕ್ರಾನಿನಷ್ಟು ತೆಗೆದರು. ನನ್ನಿಂದ ಒಂದನ್ನೂ ತೆಗೆಯಲಿಲ್ಲ. ಒಂದು ಮಾತಿನಲ್ಲಿ ನನ್ನನ್ನು ಅಡ್ಡಡ್ಡ ಸಿಗಿಯಬಹುದಾಗಿತ್ತು. ಆಗ ಶಾಯಿಯ ವಿಚಾರ ತೆಗೆದಿದ್ದರೆ ನಾನು ಅವರ ಮುಖವನ್ನು ಎಷ್ಟು ವರ್ಷ ನೇರವಾಗಿ ನೋಡುತ್ತಿರಲಿಲ್ಲವೋ. ಅವರು ಹೊಸ ಶಾಯಿ ಬಾಟಲಿ ತಂದರು, ಬನಿಯನ್ನು ಹರಿದರು.

ಮನುಷ್ಯರ ಮೈಮೇಲೂ ಇಂಥದೊಂದು ಪದರವಿರಬೇಕು. ತಂದೆಯ ಕಣ್ಣಿನಲ್ಲಿ ಮಗನಿಗಿರುವ ಬೆಲೆ, ಮಗನ ಕಣ್ಣಿನಲ್ಲಿ ತಂದೆಗಿರುವ ಬೆಲೆ, ಇವು ಹಾಳೆಯೆರಡರಷ್ಟು ದಪ್ಪವೂ ಇರಲಾರವು. ಒಂದು ಗೀರು ಕಂಡಿತೆಂದು ನಾವು ಉಜ್ಜಲು ತೊಡಗುತ್ತೇವೆ. ತಿದ್ದುತ್ತಿದ್ದೇವೆಂದೇ ತಿಳಿದುಕೊಂಡು ಉಜ್ಜುತ್ತೇವೆ. ಪ್ರತಿ ಸಲವೂ ಎರಡೋ ಮೂರೋ ಮೈಕ್ರಾನು. ಒಂದು ಸಲಕ್ಕೆ ಏನೂ ಅಲ್ಲ. ಹಿಂದೆ ಎಷ್ಟು ಸಲ ಉಜ್ಜಿದ್ದೆವೆಂಬ ಲೆಕ್ಕ ಮಾತ್ರ ಎಲ್ಲೂ ಬರೆದಿರುವುದಿಲ್ಲ. ಪಿ.ಯು.ಸಿ. ಅಂಕಗಳ ಮಾತನ್ನು ನಾನು ಅವನಿಗೆ ಎಷ್ಟು ಸಲ ಆಡಿದ್ದೆ? ಕೂತು ಎಣಿಸಿದೆ. ಎಣಿಕೆ ನನಗೇ ಹೇಳಿಕೊಳ್ಳುವ ಹಾಗಿರಲಿಲ್ಲ.

ರಾತ್ರಿ ಊಟವಾದ ಮೇಲೆ ನಾನೇ ಮಗನಿಗೆ ಫೋನು ಮಾಡಿದೆ. ಎರಡೂ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವನು ಕೇಳಿದ, “ಗೀರು ಹೋಯಿತಾ ಅಪ್ಪಾ?”

“ಪೂರ್ತಿ ಹೋಗಿಲ್ಲ. ಪೂರ್ತಿ ತೆಗೆಯುವುದು ಬೇಡವೆಂದು ನಾನೇ ಹೇಳಿದೆ,” ಎಂದೆ. “ಅದರ ಎದುರುಗಡೆ, ಹಿಂದಿನ ಎಡಗಡೆಯ ಬಾಗಿಲಿನಲ್ಲಿ, ಇನ್ನೊಂದು ಗೀರಿದೆ. ನಾನು ಹಾಕಿದ್ದು. ಅದರ ಕಥೆ ನಿನಗೆ ಹೇಳಬೇಕು.”

ಮತ್ತೆ ಮೌನ. “ನೀವಾ?”

“ನಾನೇ. ಹದಿನೇಳನೇ ವಯಸ್ಸಿನಲ್ಲಿ. ಲೈಸೆನ್ಸಿಲ್ಲದೆ.”

ಆ ಕಡೆಯಿಂದ ಒಂದು ನಗು ಬಂತು. ತಂದೆಯ ಮೇಲೆ ನಗುವ ಸಂದರ್ಭ ಮಕ್ಕಳಿಗೆ ದಿನವೂ ದೊರೆಯುವುದಿಲ್ಲ. ಅವನು ಅದನ್ನು ಚೆನ್ನಾಗಿಯೇ ಉಪಯೋಗಿಸಿಕೊಂಡ. ನನಗೂ ಅದು ಬೇಕಾಗಿತ್ತು. ನಕ್ಕು ಮುಗಿದ ಮೇಲೆ, ಈ ಶನಿವಾರ ಬರುತ್ತೇನೆಂದ. ಇಡುವ ಮೊದಲು, ಸ್ವಲ್ಪ ಅನುಮಾನಿಸುತ್ತ, “ಕೀ ಎಲ್ಲಿಟ್ಟಿರ್ತೀರಿ?” ಎಂದು ಕೇಳಿದ.

“ದೇವರ ಮನೆಯ ಗೂಡಿನಲ್ಲಿ,” ಎಂದೆ. “ಯಾವಾಗಲೂ ಅಲ್ಲೇ.”